ಅವ್ವನ ಹೆಜ್ಜಿ

ತಿರ್ಲಾಪುರ, ನವಲಗುಂದ ತಾಲೂಕ
೧೮-೧೧-೧೯೭೬, ಗುರುವಾರ

ಪ್ರೀತಿಯ ಮೈದುನ ಚಿರಂಜೀವಿ ಶಂಕ್ರಪ್ಪಗ,

ನಿನ್ನ ವೈನಿ ನೀಲಕ್ಕ ಮನಸಾರೆ ಹರಸಿ ಬರಿಯೂದು. ಆರಾಮ ಅದಿಯೇನು? ಹೊತ್ತಿಗೆ ಸರಿಯಾಗಿ ಉಣ್ಣಾಕತ್ತಿಯೋ, ಇಲ್ಲಾ ಆ ಗಣೇಶಗುಡಿ ಸರ್ವೇ ಕ್ಯಾಂಪಿನಾಗ ಚಹಾದ ಮ್ಯಾಲೇ ದಿನಾ ದೂಡಾಕತ್ತಿಯೋ? ಮಲ್ಲಕ್ಕ ಹಡ್ಯಾಕ ತವರಿಗೆ ಹೋದಾಗಿಂದ ನಿನಗ ಹೇಳಾವ್ರು ಕೇಳಾವ್ರು ಯಾರೂ ಇಲ್ಲ ಅಂತ ನನಗ ಗೊತ್ತೈತಿ. ಇಲ್ಲಿ ಹತ್ತಿ ಈ ಸಲ ಚಲೋ ಎದ್ದಾವ. ಜ್ವಾಳಾನೂ ಮಳಕಾಲುದ್ದ ಬಂದಾವ. ಕೆಂದ ಆಕಳ ಹೋರಿಗರಾ ಹಾಕೇತಿ. ಗುರವ್ವತ್ತಿ ಬಾಯಿ ಮೊದಲಿನಂಗ ಜೋರ ಐತಿ, ಅಂದ್ರ ನಿಮ್ಮ ಸೋದರತ್ತಿ ಆರಾಮ ಅದಾಳ ಅಂತ ತಿಳಕೋ. ನಿಮ್ಮಣ್ಣನ ಸುದ್ದಿ ಮುಂದ ಬರೀತೀನಿ.

ಮೊದಲ ಒಂದ ಮಾತ ಹೇಳ್ತೀನಿ, ಕೇಳು. ಈ ಪತ್ರ ಓದಿ ಮುಗಸೂತನಕಾ ಕುಂತ ಜಾಗಾ ಬಿಟ್ಟ ಏಳಬ್ಯಾಡ. ಹೋದ ವಾರದ ಪತ್ರದಾಗ ನೀ, ಸರ್ವೇ ಸರಪಳಿ ಹಿಡಕೊಂಡ ಗುಡ್ಡಾ ಇಳಿಯೂವಾಗ ಕಲ್ಲ ಜಾರಿ ಬಲಗಾಲ ಹೊಳ್ಳಿತು, ಬಾತೈತಿ, ಬೂಟ ಹಿಡಿಸೂದಿಲ್ಲ, ಯಾರದೋ ದೊಡ್ಡ ಬೂಟ ಇಸಗೊಂಡ ಹಾಕ್ಕೊಂಡ ಅಡ್ಡಾಡಾಕತ್ತೀನಿ ಅಂತ ಬರದೀದಿ. ಕಡೀಕ, "ನೋವ ಮಾತ್ರ ಒಂದೀಟೂ ಇಲ್ಲ ವೈನಿ, ಕಾಳಜಿ ಮಾಡಬ್ಯಾಡ್ರಿ" ಅಂದೀದಿ. ಆ ಸಾಲ ಓದಿದ್ದಕ್ಕ ನಾ ಜ್ವಾಳಾ ಹಸನ ಮಾಡೂದ ಬಿಟ್ಟ ಮೊರಾ ಕೆಳಗಿಟ್ಟ ಕುಂತೆ. ಕಾಲ ನೋಯ್ತೈತಿ ಅಂತ ಅತ್ತಕೊಂಡ ಬರದಿದ್ರ ನಾ ನಕ್ಕ ಸುಮ್ಮನಿರ್ತಿದ್ದೆ. ಸಣ್ಣಾಂವಿದ್ದಾಗ ಒಂದ ಜಾಲಿಮುಳ್ಳ ಚುಚ್ಚಿದ್ರ ಇಡೀ ಓಣಿ ಕೂಡಸತಿದ್ದಿ ನೀ. ಅಂಥಾಂವ ನೋವಿಲ್ಲ ಅಂದದ್ದಕ್ಕ ನನಗ ಭಾಳ ಅಂಜಿಕಿ ಆಗೇತಿ. ಯಾಕಂತ ಮೊದಲಿಂದ ಹೇಳ್ತೀನಿ, ನಡುವ ಬಿಟ್ಟ ಬಿಟ್ಟ ಓದಬ್ಯಾಡ.

ಅವ್ವನ ಕಡೀ ದಿನಾ ನೀ ಪೂರಾ ನೋಡಲಿಲ್ಲ. ಹಬ್ಬಕ್ಕ ಬರ್ತಿದ್ದಿ, ಒಂದ ರಾತ್ರಿ ಇದ್ದ ಹೋಗ್ತಿದ್ದಿ. ಮೊದಲ ಆಕಿ ಮುಂಗೈ ಮುರೀತು, ಅದೂ ರೊಟ್ಟಿ ಬಡಿಯೂವಾಗ. ಹಿಟ್ಟಿನ ಮ್ಯಾಲೆ ಕೈ ಬಡದ್ಲು, ಟಕ್ ಅಂತು, ಕೈ ಜೋತ ಬಿತ್ತು. ಹುಟ್ಟಿದಾಗಿಂದ ರೊಟ್ಟಿ ಬಡದ ಕೈ ಅದು. ಆಮ್ಯಾಲೆ ಪಾದ ಬದಲಾತು. ಬಾತು, ಕೆಂಪಾತು, ಅಂಗಾಲಿನ ನಡುವಿನ ತೆಗ್ಗ ತುಂಬಿ ಹೊರಗ ಉಬ್ಬಿತು. ನಾ ಪಡಸಾಲಿ ಸಾರಿಸಿ ಇನ್ನೂ ಹಸಿ ಇರೂವಾಗ ಆಕಿ ಹಾದ ಹ್ವಾದ್ರ, ಆ ಹೆಜ್ಜಿ ನೋಡಿ ನಾ ಬೈಯೂದ ಮರೀತಿದ್ದೆ. ನಮ್ಮ ನಿಮ್ಮ ಹೆಜ್ಜಿ ನಡುವ ಸಣ್ಣ ಆಗ್ತಾವ. ಆಕಿದು ನಡುವನ ಅಗಲ. ನಡಿಯೂವಾಗ ಸಪ್ಪಳಾನೂ ಬರತಿತ್ತು, ಕರಕ್ ಕರಕ್ ಅಂತ, ಒಣಗಿದ ಶೇಂಗಾ ತುಳಿದಂಗ. ನೋಯ್ತೈತೇನ್ರಿ ಅತ್ತಿ ಅಂದ್ರ, "ಏನಿಲ್ಲವಾ, ನೆಲಾನ ಗೊತ್ತಾಗೂದಿಲ್ಲ" ಅಂತಿದ್ಲು. ಎಲ್ಲಾದ್ರ ಕಡೀಕ ಟೊಂಕದ ಎಲುಬು. ಬಿದ್ದ ಮುರಕೊಂಡ್ಲು ಅಂತ ಮಂದಿ ಹೇಳ್ತಾರ, ಅದು ಸುಳ್ಳು. ನಾ ಬಾಜೂಕ ಇದ್ದೆ. ಬೀಸೂ ಕಲ್ಲಿನ ಮುಂದಿಂದ ಎದ್ದ ನಿಂತ್ಲು, ನಿಂತಲ್ಲೇ ಎಲುಬ ಮುರೀತು, ಅದಕ್ಕ ಬಿದ್ಲು. ಸಕ್ಕರಿ ಬ್ಯಾನಿ ಐತಿ, ಸಿಹಿ ಮುಟ್ಟಸಬ್ಯಾಡ್ರಿ ಅಂತ ಡಾಕ್ಟರ ಹೇಳಿದ್ದು ನಮಗ ಗೊತ್ತಿತ್ತು. ಸಕ್ಕರಿಗೂ ಎಲುಬಿಗೂ ಏನ ಸಂಬಂಧ ಅಂತ ಯಾರೂ ಕೇಳಲಿಲ್ಲ. ವಯಸ್ಸಾತು ಅಂದ್ವಿ.

ಹಾಸಿಗಿ ಹಿಡದ ಮ್ಯಾಲೆ ಆಕಿ ದಿನಾ ಒಂದ ಹೋಳಿಗಿ ಬೇಡತಿದ್ಲು. ಅಗದಿ ಕೂಸಿನಂಗ ಬೇಡತಿದ್ಲು. ನಾ ಕೊಡಲಿಲ್ಲ, ಡಾಕ್ಟರ ಮಾತ ಮೀರಬಾರದು ಅಂತ. ಹಂಗ ಬೇಡಕೋತನ ಆಷಾಢದಾಗ ಹ್ವಾದ್ಲು. ತಂತಿ ನಿನಗ ತಡಾ ಮುಟ್ಟಿ ನೀ ಬರೂದ್ರಾಗ ಮಣ್ಣ ಆಗಿ ಮೂರನೇ ದಿನಾ. ಹಿಂಗಾಗಿ ಮಣ್ಣ ಮಾಡಿದ ಮರುದಿನಾ ಮುಂಜಾನೆ ಮನಿಯಾಗ ಆದದ್ದು ನಿನಗ ಗೊತ್ತಿಲ್ಲ. ನಾವೂ ಹೇಳಲಿಲ್ಲ. ನೀ ಕಲತಾಂವ, ಎಲ್ಲಾರ್ನೂ ಬೈದ ಬಸ್ಸ ಹತ್ತತಿದ್ದಿ.

ಜೀವಾ ಹೋದ ಜಾಗಾದಾಗ ದೀಪಾ ಇಟ್ಟ, ಸುತ್ತಲೂ ಬೂದಿ ಹರವಿ, ಕ್ವಾಣಿ ಬಾಗಲಾ ಮುಚ್ಚಿ ಬೆಳಿಗ್ಗೆ ಹೆಜ್ಜಿ ನೋಡಬೇಕು ಅಂತ ಗುರವ್ವತ್ತಿ ಹಟಾ ಹಿಡದ್ಲು. ಮಠದ ಅಯ್ಯನವರು ಬೈದ್ರು, "ಶಿವನ ಪಾದಾ ಸೇರಿದಾಕಿ ಹೆಜ್ಜಿ ನಿಮ್ಮ ಬೂದ್ಯಾಗ ಹುಡುಕತೀರೇನು" ಅಂತ. ಅವರು ಅತ್ತಾಗ ಹ್ವಾದ ಮ್ಯಾಲೆ ಈಕಿ ಇತ್ತಾಗ ಜರಡಿ ಹಿಡದ ಬೂದಿ ಹಾಕಿದ್ಲು. ಅವ್ವನ ಹಾಸಿಗಿ ಬಾಗಲ ಬಾಜೂಕ ಇತ್ತಲ್ಲ, ದೀಪಾನೂ ಅಲ್ಲೇ ಇಟ್ಟಿದ್ವಿ. ಮುಂಜಾನೆ ಹಿರೇ ಮಗ ಬಾಗಲಾ ತಗದ, ಹೊಸ್ತಲಾ ದಾಟದಂಗ ಹೊರಗಿಂದ ಕೈ ಚಾಚಿ ದೀಪಾ ಎತ್ತಕೋಬೇಕು. ನಿಮ್ಮಣ್ಣ ಎತ್ತಕೊಂಡ್ರು, ಗುರವ್ವತ್ತಿ ಕೈಯಾಗ ಕೊಟ್ಟ ಸೀದಾ ದನ ಕಟ್ಟೂ ಕಡೆ ಸಗಣಿ ಬಳಿಯಾಕ ಹ್ವಾದ್ರು. ಗುರವ್ವತ್ತಿ ದೀಪಾ ಹಿಡದ ಬಗ್ಗಿ ನೋಡಿದ್ಲು. ನಾ ಆಕಿ ಹೆಗಲ ಮ್ಯಾಲಿಂದ ನೋಡಿದೆ.

ಹೊಸ್ತಲಾದ ಒಳಗ ಒಂದ ಹೆಜ್ಜಿ ಇತ್ತು. ಒಳಮಖಾ ಮಾಡಿದ್ದು. ನಡುವನ ಅಗಲ. ಎರಡ ವರ್ಷ ನನ್ನ ಪಡಸಾಲಿ ಮ್ಯಾಲೆ ನೋಡಿದ್ದ ಹೆಜ್ಜಿ, ನನಗ ಗುರತ ಸಿಗದ ಇರತೈತೇನು. ಗುರವ್ವತ್ತಿ ಅಳಲಿಲ್ಲ, ಕೂಗಲಿಲ್ಲ. ಸಣ್ಣ ದನಿ ಮಾಡಿ, "ಒಳಗ ಹೋದ ಹೆಜ್ಜಿ ಐತಿ ನೀಲಿ, ಹೊರಗ ಬಂದದ್ದಿಲ್ಲ" ಅಂದ್ಲು. ನಿಮ್ಮಣ್ಣನ ಕರದ ಕೇಳಿದ್ವಿ. ಅವರು ಕೊಳ್ಳಾಗಿನ ಲಿಂಗಾ ಕೈಯಾಗ ಹಿಡದ, ನಾ ಹೊಸ್ತಲಾ ದಾಟಿಲ್ಲ ಅಂದ್ರು. ಅವರು ಲಿಂಗಾ ಹಿಡದ ಸುಳ್ಳ ಹೇಳಾವ್ರಲ್ಲ. ಹೇಳೂ ಇಲ್ಲ. ಇದನ್ನ ನೆನಪ ಇಟ್ಕೋ.

ಅಲ್ಲಿಂದ ನಮ್ಮ ಮನಿ ನಮ್ಮ ಮನಿ ಆಗಿ ಉಳೀಲಿಲ್ಲ. ಹೋಳಿಗಿ ಸಿಗಲಾರದ್ದಕ್ಕ ಆಕಿ ಹೊಳ್ಳಿ ಬಂದಾಳ, ಹಿರೇ ಮಗ ಆಕಿ ಹೆಸರೀಲೆ ಉಂಡ್ರ ಶಾಂತ ಆಗ್ತಾಳ ಅಂತ ಗುರವ್ವತ್ತಿ ಹೇಳಿದ್ಲು. ನನಗೂ ಖರೇ ಅನಸ್ತು, ಒಂದ ತುಣುಕ ಸೈತ ಕೊಡಲಿಲ್ಲಲ್ಲ ಅನ್ನೂ ಸಂಕಟಾ ನನಗೇನ ಕಡಿಮಿ ಇತ್ತೇನು. ಸೋಮಾರಕ್ಕೊಮ್ಮೆ ಹೋಳಿಗಿ ಮಾಡಿ, ಆ ಜಾಗಾದಾಗ ಎಡಿ ಇಟ್ಟ, ನಿಮ್ಮಣ್ಣನ ಮುಂದ ಕುಂದ್ರಿಸಿ ಉಣಸತಿದ್ವಿ. ತುಪ್ಪಾ ಹಾಕಿ, ಬೆಲ್ಲದ ಹಾಲ ಹಾಕಿ. ಬ್ಯಾಡ ಅಂದ್ರೂ ಅವ್ವನ ಪಾಲ ಅಂತ ಇನ್ನೊಂದ ಬಡಸತಿದ್ಲು ಗುರವ್ವತ್ತಿ. ಶ್ರಾವಣಾ ಪೂರಾ ಉಂಡ್ರು, ಭಾದ್ರಪದಾ ಪೂರಾ ಉಂಡ್ರು. ಉಂಡಂಗ ಉಂಡಂಗ ಸೊರಗಿದ್ರು. ಕೊಡಾ ಕೊಡಾ ನೀರ ಕುಡದ್ರೂ ನೀರಡಿಕಿ ಹೋಗವಲ್ದು. ಮಂದಿ ನೋಡಿ, ಅವ್ವ ಎಳ್ಯಾಕತ್ತಾಳ ಅಂದ್ರು. ನಾನೂ ಹಂಗ ಅಂದ್ಕೊಂಡೆ.

ಮತ್ತ ಆ ಸಪ್ಪಳ. ಆಕಿ ಮಣ್ಣಾದ ಮ್ಯಾಲೂ ಸಪ್ಪಳ ಹೋಗಲಿಲ್ಲ ಶಂಕ್ರಪ್ಪ. ನಾ ಅಡಗಿಮನ್ಯಾಗ ಒಲಿ ಮುಂದ ಕುಂತಾಗ ಗ್ವಾಡಿ ಆಚೆ ಪಡಸಾಲಿಯೊಳಗ ಕರಕ್ ಕರಕ್ ಅಂತ ಹಾದ ಹೋಗೂದು. ಎದ್ದ ನೋಡಿದ್ರ ನಿಮ್ಮಣ್ಣ ಒಬ್ಬರ ನಿಂತಿರೂದು, ಕೈಯಾಗ ಮೇವು, ಮಾರಿ ಬೆಳ್ಳಗ. ಒಂದ ದಿನಾ ಕೇಳೇಬಿಟ್ಟೆ, ನಿಮಗೂ ಕೇಳಸ್ತೈತೇನ್ರಿ ಅಂತ. ಅವರು ನನ್ನ ಕಡೆ ನೋಡಲಿಲ್ಲ. "ಅವ್ವ ನನ್ನ ಕೂಡ ನಡಿಯಾಕತ್ತಾಳ. ನಾ ನಡದ್ರ ನಡೀತಾಳ, ನಾ ನಿಂತ್ರ ನಿಲ್ತಾಳ" ಅಂದ್ರು. ಹಗಲ ಹೊತ್ತಿನ್ಯಾಗ, ಬಿಸಲಾಗ ನಿಂತ ಹೇಳಿದ್ರು ನೋಡ. ಆ ದಿನದಿಂದ ಅವರು ಹೊಲಕ್ಕ ಹೋದ್ರೂ ಮಾತಾಡಕೋತ ಹೋಗಾಕತ್ತಿದ್ರು. ಹಿತ್ತಲದಾಗ ಅರಬಿ ಒಣಾ ಹಾಕೂವಾಗ ನಾನ ಕೇಳೀನಿ. ಬಾ ಬೇ, ಸಾವಕಾಶ ಬಾ, ತೆಗ್ಗೈತಿ ನೋಡಕೊಂಡ ಬಾ ಅಂತ, ಬಾಜೂಕ ಯಾರೋ ಇದ್ದಂಗ.

ದೀಪಾವಳಿ ಹಿಂದಿನ ದಿನಾ ಮುಂಜಾನೆ ನಾ ಪಡಸಾಲಿ ಸಾರಸಾಕತ್ತಿದ್ದೆ. ಹಿಂದ ಸರಕೋತ ಸರಕೋತ ಮೂಲಿಗೆ ಬಂದ, ಕೈಯಾಗ ಸಗಣಿ ಅರಬಿ ಹಿಡಕೊಂಡ ಕುಕ್ಕರಗಾಲಿಲೆ ಕುಂತಿದ್ದೆ. ನಿಮ್ಮಣ್ಣ ನನ್ನ ನೋಡಲಿಲ್ಲ. ದನದ ಕಡೆಯಿಂದ ಬರಿಗಾಲಿಲೆ ಬಂದ್ರು, ಹಸಿ ನೆಲದ ಮ್ಯಾಲೆ ಹಾದ ತಲಬಾಗಲ ಕಡೆ ಹೊಂಟ್ರು. ಕರಕ್, ಕರಕ್. ನಾ ನೆಲಾ ನೋಡಾಕತ್ತಿದ್ದೆ. ಎಡಗಾಲಿನ ಹೆಜ್ಜಿ ಅವರದ ಬಿತ್ತು, ನಡುವ ಸಣ್ಣ ಇರೂದು, ಮದಿವಿ ಆದಾಗಿಂದ ನಾ ನೋಡಿದ್ದು. ಬಲಗಾಲ ಎತ್ತಿದ್ರು. ಅದರ ಕೆಳಗ ಅವ್ವನ ಹೆಜ್ಜಿ ಇತ್ತು. ಮತ್ತ ಎಡಗಾಲು, ಅವರದು. ಮತ್ತ ಬಲಗಾಲು, ಅವ್ವಂದು. ನನ್ನ ಕಣ್ಣ ಮುಂದನ, ಒಬ್ಬ ಮನಷ್ಯಾನ ಕಾಲ ಕೆಳಗಿಂದ ಇಬ್ಬರ ಹೆಜ್ಜಿ ಬಾಗಲತನಕಾ ಹ್ವಾದುವು.

ಅಂಜಿ ಓಡಬೇಕಿತ್ತು ನಾ. ಸಿಟ್ಟ ಬಂತು, ಏನ ಮಾಡಲಿ. ನನ್ನ ಗಂಡನ ಕಾಲ ಯಾರಪ್ಪನ ಮನಿ ಆಸ್ತಿ ಅಂತ ಅದರೊಳಗ ಬಂದ ಕುಂತಾಳ ಈಕಿ ಅನಸ್ತು. ಹೋಗಿ ಕುಂದ್ರಿಸಿ, ಕಾಲ ನನ್ನ ತೊಡಿ ಮ್ಯಾಲೆ ಇಟ್ಕೊಂಡೆ. ಪಾದ ಬಿಸಿ ಇತ್ತು, ಜ್ವರಾ ಬಂದ ಕೂಸಿನ ಹಣಿ ಮುಟ್ಟಿದಂಗ. ಅಂಗಾಲ ಉಬ್ಬಿ ಮಣ್ಣಿನ ಮಗಿಯ ತಳದಂಗ ಆಗಿತ್ತು. ಬೆರಳಿಲೆ ಒತ್ತಿದೆ, ಒಳಗ ಎಲುಬಿನ ಚೂರ ಸರದಾಡಿದ್ದು ನನ್ನ ಬೆರಳಿಗೆ ಹತ್ತಿತು. ಅವರು ನನ್ನ ಮಾರಿ ನೋಡಿ, "ಮುಟ್ಟಾಕತ್ತಿಯೇನು?" ಅಂತ ಕೇಳಿದ್ರು. ಬೆರಳ ಸಂದಿಯೊಳಗ ಒಂದ ಮುಳ್ಳ ಮುರದಿತ್ತು, ಯಾವ ಕಾಲದ್ದೋ, ಅದೂ ಅವರಿಗೆ ಗೊತ್ತಿಲ್ಲ. ಬೂದಿ ತುಳದದ್ದು ಹ್ಯಾಂಗ ಗೊತ್ತಾಗಬೇಕು ಶಂಕ್ರಪ್ಪ. ದೀಪಾ ಎತ್ತಾಕ ಬಗ್ಗಿದಾಗ ಬಲಗಾಲ ಒಂದ ಹೊಸ್ತಲಾ ದಾಟಿತ್ತು. ಕಾಲ ಅವರಿಗೆ ಹೇಳಿರಲಿಲ್ಲ, ಅಷ್ಟ.

ಹಬ್ಬಾ ಅಲ್ಲೇ ಬಿಟ್ಟ, ಬಾಜೂಮನಿ ಮಾಬುಸಾಬ ಗಾಡಿ ಹೂಡಿದ. ನವಲಗುಂದಕ್ಕ ಹೋಗಿ ಅಲ್ಲಿಂದ ಬಸ್ಸಿಗೆ ಹುಬ್ಬಳ್ಳಿ. ದವಾಖಾನಿಯೊಳಗ ಕಾಲಿನ ಫೋಟೋ ತಗದ್ರು. ಡಾಕ್ಟರ ಅದನ್ನ ಬೆಳಕಿಗೆ ಹಿಡದ ನನಗೂ ತೋರಿಸಿದ್ರು. ನಡುವಿನ ಸಣ್ಣ ಎಲುಬ ಎಲ್ಲಾ ಒಡದ ಗಡಗಿ ಚೂರಾಗಿದ್ದುವು. ಯಾವಾಗ ಬಿದ್ರಿ ಅಂತ ಕೇಳಿದ್ರು. ಬಿದ್ದಿಲ್ಲ ಅಂದ್ರು ಇವರು. ಭಾಳ ಕೆದಕಿದ ಮ್ಯಾಲೆ, ಬ್ಯಾಸಿಗ್ಯಾಗ ಹತ್ತಿ ಗಾಡಿಯಿಂದ ಕೆಳಗ ಜಿಗದಿದ್ದೆ, ಕಾಲ ಬಾತಿತ್ತು, ನೋವಿರಲಿಲ್ಲ ಅಂತ ಬಿಟ್ಟೆ ಅಂದ್ರು. ಬ್ಯಾಸಿಗಿಯಿಂದ ದೀಪಾವಳಿತನಕಾ, ಮುರದ ಕಾಲ ಮ್ಯಾಲೆ ಆ ಮನಷ್ಯಾ ಹರಗಿದ್ದು, ಬಿತ್ತಿದ್ದು. ಅವ್ವನ ವಿಮಾನಕ್ಕ ಹೆಗಲ ಕೊಟ್ಟ ರುದ್ರಭೂಮಿತನಕಾ ನಡದದ್ದೂ ಅದರ ಮ್ಯಾಲೇ. ನಾ ಅಲ್ಲೇ ಸೆರಗ ಬಾಯಿಗೆ ಹಿಡಕೊಂಡ ಅತ್ತೆ.

ಡಾಕ್ಟರ ಚಲೋ ಮನಷ್ಯಾ, ಸಾವಕಾಶ ತಿಳಿಸಿ ಹೇಳಿದ್ರು. ಇವರಿಗೂ ಸಕ್ಕರಿ ಬ್ಯಾನಿ ಐತಿ. ಈ ಬ್ಯಾನಿಯೊಳಗ ಸಕ್ಕರಿ ಬರೇ ಮೂತ್ರದಾಗ ಹೋಗೂದಿಲ್ಲವಾ, ನರದಾಗೂ ಇಳೀತೈತಿ, ಎಲುಬಿನಾಗೂ ಇಳೀತೈತಿ. ಎಲುಬ ಮ್ಯಾಲಿಂದ ನೆಟ್ಟಗ ಕಾಣತೈತಿ, ಗಟ್ಟಿತನಾ ಹೋಗಿರತೈತಿ, ಸಣ್ಣ ಪೆಟ್ಟಿಗೂ ಮುರೀತೈತಿ, ಮುರದದ್ದು ಲಗೂನ ಕೂಡೂದಿಲ್ಲ. ನಮ್ಮಂಥಾ ಡಾಕ್ಟರಿಗೂ ಇದು ಇನ್ನೂ ಪೂರಾ ತಿಳಿದಿಲ್ಲ. ಆದ್ರ ನರಾ ಸತ್ತ ಕಾಲ ಮುರದ್ರೂ ಚೀರೂದಿಲ್ಲ, ಅದರ ಮ್ಯಾಲೆ ನಡಕೋತ ಹೋದಂಗ ಪುಡಿ ಆಗ್ತೈತಿ ಅಂದ್ರು. ಅವ್ವನ ಮುಂಗೈ, ಪಾದ, ಟೊಂಕಾ ಎಲ್ಲಾ ಹೇಳಿದೆ. ಗೋಣ ಹಾಕಿದ್ರು. ಹೋಳಿಗಿ ಸುದ್ದಿನೂ ಹೇಳಿದೆ. ಸೋಮಾರಕ್ಕೊಮ್ಮೆ ಅಂದಾಗ ಅವರು ಕಣ್ಣ ಮುಚ್ಚಿ ತಗದ್ರು, ಬೈಯಲಿಲ್ಲ. ಬೈದಿದ್ರ ನನಗ ಹಗರ ಆಗ್ತಿತ್ತು.

ಈಗ ನಿಮ್ಮಣ್ಣನ ಕಾಲಿಗೆ ಮಳಕಾಲತನಕಾ ಪ್ಲಾಸ್ಟರ ಹಾಕ್ಯಾರ. ತಿಂಗಳಗಟ್ಲೆ ನೆಲಕ್ಕ ಕಾಲ ಹಚ್ಚೂವಂಗಿಲ್ಲ. ದಿನಾ ಸೂಜಿ, ಸಿಹಿ ಬಂದ್. ಕಾಲ ಉಳಿಯೂದು ಬಿಡೂದು ಆಮ್ಯಾಲೆ ನೋಡೂಣು ಅಂದಾರ. ನಿನಗ ತಂತಿ ಕೊಡತೀನಿ ಅಂದ್ರ, ಅಂವಾ ಹೆದರತಾನ ಬ್ಯಾಡ ಅಂತ ಇವರ ತಡದ್ರು. ಮೊನ್ನೆ ಸೋಮಾರ ಮನಿಗೆ ಕರಕೊಂಡ ಬಂದಿವಿ. ದವಾಖಾನಿ ಬಿಡೂವಾಗ ಡಾಕ್ಟರ ಬಾಗಲತನಕಾ ಬಂದ, ಇದು ಮನಿತನದಾಗ ಹರೀತೈತಿ, ಇವರಿಗೆ ಅಣ್ಣತಮ್ಮಂದ್ರ ಅದಾರೇನು ಅಂತ ಕೇಳಿದ್ರು. ಒಬ್ಬ ತಮ್ಮ ಅದಾನ, ಗಟ್ಟಿ ಆಳು, ಗುಡ್ಡಾ ಹತ್ತಿ ಇಳೀತಾನ ಅಂದೆ. ಮನಿಗೆ ಬಂದ್ರ ಗುರವ್ವತ್ತಿ ಗ್ವಾಡಿ ಮಾಡದಾಗ ನಿನ್ನ ಪತ್ರ ಇಟ್ಟಿದ್ಲು.

ಈಗ ತಿಳೀತಲ್ಲ, ಯಾಕ ಕುಂತ ಓದು ಅಂದೆ ಅಂತ. ಆ ಪತ್ರದಾಗ ಇನ್ನೊಂದ ಮಾತ ಬರದೀದಿ, ಇಲ್ಲಿ ಹೊಳಿ ನೀರ ಭಾಳ ಸಿಹಿ ವೈನಿ, ಎಷ್ಟ ಕುಡದ್ರೂ ಸಾಲವಲ್ದು ಅಂತ. ಅದನ್ನ ನಾ ಎಷ್ಟ ಸಲ ಓದಿದೆನೋ. ಕ್ಯಾಂಪಿನ ಡಾಕ್ಟರ್ನ ನಿನ್ನ ಹಂತೇಕ ಕರಸು, ನೀ ಹೋಗಬ್ಯಾಡ. ಮೂತ್ರಾ ನೋಡ್ಸು, ರಕ್ತಾ ನೋಡ್ಸು. ಬಲಗಾಲ ಬಿಸಿ ಐತೇನ ಮುಟ್ಟಿ ನೋಡು, ಎಡಗಾಲ ಕೂಡ ಹೋಲಿಸಿ ನೋಡು. ಆ ಬೂಟ ಯಾರದೈತಿ ಅವರಿಗೆ ಹೊಳ್ಳಿ ಕೊಡು. ಏಳ ವರ್ಷದಾಂವ ಇದ್ದಾಗ ನನ್ನ ಸೀರಿ ಸೆರಗ ಹಿಡಕೊಂಡ ಓಣಿ ತೋರಿಸಿದಾಂವ ನೀ. ನಾ ಹಡಿಯಲಿಲ್ಲ ಅನ್ನೂದ ಬಿಟ್ರ ನನಗ ನಿನ್ನ ಬಿಟ್ಟ ಬ್ಯಾರೆ ಮಗಾ ಇಲ್ಲ. ಈ ಒಂದ ಸಲ ನಗಬ್ಯಾಡ, ವಾದಾ ಮಾಡಬ್ಯಾಡ.

ಗುರವ್ವತ್ತಿ ನಿನಗ ಹರಕಿ ಹೇಳ್ಯಾಳ. ಈಗ ಆಕಿ ಬಾಯಿಲೆ ಹೋಳಿಗಿ ಹೆಸರ ಇಲ್ಲ. ಮಲ್ಲಕ್ಕಗ ನಾ ಬ್ಯಾರೆ ಬರೀತೀನಿ, ನೀ ಈಗ ಏನೂ ಬರದ ಹೆದರಸಬ್ಯಾಡ. ಹೊಟ್ಟಿ ತಂಪಾಗಿರಲಿ, ಕಾಲ ಗಟ್ಟಿಯಾಗಿರಲಿ, ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ವೈನಿ,
ನೀಲಕ್ಕ

ತಾ.ಕ.: ಮಾಬುಸಾಬ ನವಲಗುಂದಕ್ಕ ಹೊಂಟ ನಿಂತಾನ, ಪೋಸ್ಟಿಗೆ ಹಾಕ್ತಾನ, ಗಡಬಡಿಯೊಳಗ ಬರ್ಯಾಕತ್ತೀನಿ. ಇದರ ಕೂಡ ಮಡಚಿಟ್ಟ ಕಾಗದ ನೋಡು. ನಿನಗ ಸರ್ವೇ ನೌಕರಿ ಹತ್ತಿದ ವರ್ಷ ನಮ್ಮ ಹೊರಗಿನ ಕಟ್ಟಿಗೆ ಸಿಮೆಂಟ ಹಾಕಿದ್ರು, ನೀ ಬಸ್ಸ ತಪ್ಪತೈತಿ ಅಂತ ಚಪ್ಪಲಿ ಕೈಯಾಗ ಹಿಡಕೊಂಡ ಹಸಿ ಸಿಮೆಂಟ ತುಳದ ಓಡಿದ್ದಿ, ನೆನಪೈತೇನು? ಗೌಂಡಿ ಅಳಸತೀನಿ ಅಂದಾಗ ನಾ ಬಿಡಲಿಲ್ಲ. ಆ ಬಲಗಾಲ ಹೆಜ್ಜಿ ಮ್ಯಾಲೆ ಕಾಗದ ಇಟ್ಟ ಪೆನ್ಸಿಲ್ಲಿಲೆ ಸುತ್ತ ಗೆರಿ ಎಳದೀನಿ. ನಡುವ ಎಷ್ಟ ಸಣ್ಣ ಐತಿ ನೋಡು. ಕುಂತಲ್ಲೇ ಬಲಗಾಲ ತೋಯಿಸಿ ಹಳೇ ಪೇಪರ ಮ್ಯಾಲೆ ಸಾವಕಾಶ ಇಟ್ಟ ತಗಿ, ಇದರ ಕೂಡ ಹೊಂದಸು. ಹೊಂದಿದ್ರ ನಿನ್ನ ವೈನಿ ಹುಚ್ಚಿ ಅಂತ ಕ್ಯಾಂಪಿಗೆಲ್ಲಾ ಹೇಳಿ ನಗು. ಹೊಂದಲಿಲ್ಲ ಅಂದ್ರ ಬಸ್ಸಿನತನಕಾನೂ ನಡೀಬ್ಯಾಡ, ತಂತಿ ಕೊಡು, ನಾನ ಬಂದ ಕರಕೊಂಡ ಹೋಗ್ತೀನಿ. ನಾ ಕಟ್ಟಿ ಮ್ಯಾಲೆ ಬಗ್ಗಿ ಗೆರಿ ಎಳಿಯೂದನ್ನ ನಿಮ್ಮಣ್ಣ ಕಾಟಿನ ಮ್ಯಾಲೆ ಮಲಕೊಂಡ ನೋಡಾಕತ್ತಿದ್ರು. ಯಾರ ಹೆಜ್ಜಿ ಅಂದ್ರು. ಶಂಕ್ರಪ್ಪಂದು ಅಂದೆ. ಡಾಕ್ಟರ ಅಷ್ಟೆಲ್ಲಾ ಹೇಳಿದ್ದನ್ನ ನನ್ನ ಜೋಡಿ ಕೇಳಿದ ಮನಷ್ಯಾ, "ಈಗ ಅವ್ವ ಅವನ ಕೂಡ ನಡಿಯಾಕತ್ತಾಳೇನು?" ಅಂತ ಕೇಳಿದ್ರು. ನಾ ಕಾಗದ ಮಡಚಿದೆ. ಇಲ್ಲ ಅಂತ ನೀನ ಬರದ ಕಳಸು.